ಐವತ್ತೊಂದನೇ ತಲೆ

“ಪೊಲೀಸರಿಗೆ ನೀನೇ ಹೋಗಿ ಹೇಳಿದ್ಯಾ, ಅಜ್ಜಿ?” ಗುಬ್ಬಿ ಸ್ಕೂಲ್ ಬ್ಯಾಗನ್ನೂ ಇಳಿಸದೆ ಕೇಳಿದಳು.

“ಹೂಂ ಕಣೇ. ಬೀದೀಲಿ ಗುಂಪಾಗಿ ಕೂರೋಕೆ ಮುಂಚೆ ತಿಳಿಸ್ಬೇಕು. ಅದು ರೂಲು.” ಅಜ್ಜಿ ಪರ್ಮಿಶನ್ ಪತ್ರ ಮಡಿಸಿ ಕೈಚೀಲಕ್ಕೆ ಸೇರಿಸಿದಳು. “ತಪ್ಪಾದ್ರೆ ನಾನೇ ಜವಾಬ್ದಾರಿ ಅಂತ ಸೈನೂ ಹಾಕಿದೀನಿ.”

ಬೀದಿಯ ಲೈಬ್ರರಿ ಒಡೆದು ಕಾರ್ ಪಾರ್ಕಿಂಗ್ ಮಾಡುತ್ತಾರಂತೆ. ಅದು ಬೇಡವೆಂದು ಎಲ್ಲರೂ ಇವತ್ತು ಅದರ ಮುಂದೆ ಕೂರುವವರಿದ್ದರು. ನಾಲ್ಕರಿಂದ ಆರು ಗಂಟೆ, ಮೈಕ್ ಇಲ್ಲ, ಐವತ್ತು ಜನ ಮೀರಬಾರದು ಎಂದು ಪತ್ರದಲ್ಲಿತ್ತು.

ಗುಬ್ಬಿಗೆ ಯಾಕೋ ಅನುಮಾನ. ಹಿಡಿಯುವವರಿಗೇ ಯಾರಾದರೂ ವಿಳಾಸ ಕೊಡುತ್ತಾರಾ?

ನಾಲ್ಕಕ್ಕೆ ಎಲ್ಲರೂ ಫುಟ್‌ಪಾತಿನಲ್ಲಿ ಚಾಪೆ ಹಾಸಿ ಕೂತರು. ಎದುರಿಗೆ ಒಬ್ಬ ಪೊಲೀಸ್ ಆಂಟಿ. ಒಂದೊಂದೇ ತಲೆ ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಒಂದು ಸಲವೂ ನಗಲಿಲ್ಲ.

“ನಮ್ಮ ಹೆಸರೆಲ್ಲ ಬರ್ಕೊಂಡ್ರೇನೋ,” ಎಂದು ಗುಬ್ಬಿ ಅಜ್ಜಿಯ ಬೆನ್ನಿಗೆ ಅಂಟಿಕೊಂಡಳು.

ಅಷ್ಟರಲ್ಲಿ ಪಾರ್ಕಿಂಗ್ ಕಂಟ್ರಾಕ್ಟರ್ ಲಾರಿಯಿಂದ ಧುಮುಕಿದ. “ಮೇಡಂ, ಎಣಿಸಿ ನೋಡಿ! ಐವತ್ತೊಂದು ಜನ ಇದಾರೆ. ಎಬ್ಬಿಸಿ ಎಲ್ರನ್ನೂ!”

ಪೊಲೀಸ್ ಆಂಟಿ ಮತ್ತೆ ಎಣಿಸಿದರು. ಅವರ ಕಣ್ಣು ಕೊನೆಗೆ ಗುಬ್ಬಿಯ ಮೇಲೆ ನಿಂತಿತು. “ಹೌದು, ಐವತ್ತೊಂದು,” ಎಂದರು ನಿಧಾನವಾಗಿ. “ಮಕ್ಕಳೂ ಲೆಕ್ಕಕ್ಕೆ ಬರ್ತಾರೆ.”

ಗುಬ್ಬಿ ಅಜ್ಜಿಯ ತೋಳನ್ನು ಗಟ್ಟಿಯಾಗಿ ಹಿಡಿದಳು. ಅಂದುಕೊಂಡದ್ದೇ ಆಯಿತು! ಇನ್ನು ಅಜ್ಜಿಯನ್ನು ಎಳೆದೊಯ್ಯುತ್ತಾರೆ.

ಆದರೆ ಆಂಟಿ ಲಾಠಿ ಎತ್ತಲಿಲ್ಲ, ವ್ಯಾನ್ ಕರೆಯಲಿಲ್ಲ. ಸುಮ್ಮನೆ ಕಾಯುತ್ತಿದ್ದರು. ಯಾತಕ್ಕೆ?

ಗುಬ್ಬಿ ತಟ್ಟನೆ ಎದ್ದಳು. ರಸ್ತೆ ದಾಟಿ ಆಚೆ ನಿಂತಳು.

“ಐವತ್ತು,” ಎಂದ ಆಂಟಿ ಕಂಟ್ರಾಕ್ಟರ್ ಕಡೆ ತಿರುಗಿದರು. “ಆರು ಗಂಟೆವರೆಗೂ ಇವರಿಗೆ ಟೈಮಿದೆ. ನಿಮ್ಮ ಲಾರಿ ರಸ್ತೆಗೆ ಅಡ್ಡ ನಿಂತಿದೆಯಲ್ಲ, ಅದಕ್ಕೆಲ್ಲಿ ಪರ್ಮಿಶನ್?”

ಅವನ ಮುಖ ಹುಳ್ಳಗಾಯಿತು. ಲಾರಿ ಹಿಂದಕ್ಕೆ ಸರಿಯಿತು.

ಗುಬ್ಬಿ ಈಗಲೂ ಆಂಟಿಯನ್ನು ಓರೆಗಣ್ಣಿನಲ್ಲೇ ನೋಡುತ್ತಿದ್ದಳು. ಅಷ್ಟು ಬೇಗ ನಂಬುವವಳಲ್ಲ ಅವಳು.

ಆಗ ಲೈಬ್ರರಿ ನೋಡಿಕೊಳ್ಳುವ ತಾತ ಕುರ್ಚಿ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದರು. ಗುಬ್ಬಿ ಓಡಿಹೋಗಿ ಅವರ ಕೈ ಹಿಡಿದಳು.

“ತಾತಾ, ಆ ಕಡೆ ಹೋಗ್ಬೇಡಿ, ಫುಲ್ ಆಗಿದೆ. ಇಲ್ಲೇ ಕೂತಿರಿ. ಯಾರಾದ್ರೂ ಎದ್ರೆ ನಾನೇ ಹೇಳ್ತೀನಿ.”

ತಾತನನ್ನು ಕೂರಿಸಿ, ಬೆರಳು ಮಡಿಸುತ್ತ, ಆಚೆ ಕೂತವರ ತಲೆಗಳನ್ನು ತಾನೇ ಎಣಿಸತೊಡಗಿದಳು.