ಗಿಡವಿಲ್ಲದ ಕಾಡು

ಒದ್ದೆ ಸೀರೆಯನ್ನು ಹಿಂಡಿ, ನೆಲದ ಮೇಲೆ ಹಾಸಿದ್ದ ಬಟ್ಟೆಯ ಮೇಲೆ ಅಂಬಮ್ಮ ಹರವಿದ್ದೇ ತಡ, ಹಿಂದಿನಿಂದ ಯಾರೋ ಚೀರಿದರು.

"ಅಯ್ಯೋ, ನನ್ನ ಪರದೆ!"

ತಿರುಗಿ ನೋಡಿದರೆ ಮೊಣಕೈತನಕ ಬಣ್ಣ ಮೆತ್ತಿಕೊಂಡ ಎತ್ತರದ ಮನುಷ್ಯ. ನಾಟಕ ಕಂಪನಿಗೆ ಪರದೆ ಬರೆಯಲು ಹೊಸದಾಗಿ ಸೇರಿದ್ದ ಇರಾನಿ, ಫರೀದೂನ್.

"ಪರದೇನ್ರೀ ಇದು? ನೀವು ಕುಂಚ ಒರಸೋ ಅರಿವಿ ಅಂತ ತಿಳಕೊಂಡಿದ್ದೆ."

"ಇದು ಕಾಡು!"

ಅಂಬಮ್ಮ ಸೀರೆ ಎತ್ತಿ ಬಗ್ಗಿ ನೋಡಿದಳು. ಕೆಳಗೆಲ್ಲ ಕಪ್ಪು, ಮೇಲೆಲ್ಲ ಬೂದು, ನಡುವೆ ಕೆಂಪಿನ ಒಂದು ಗೆರೆ.

"ಕಾಡಿನಾಗ ಗಿಡ ಎಲ್ಲೈತ್ರೀ? ಇನ್ನೂ ಬರೀಬೇಕೇನು?"

"ಮುಗದೈತಿ" ಎಂದ ಅವನು. ಎಷ್ಟು ಗಂಭೀರವಾಗಿ ಎಂದನೆಂದರೆ ಅಂಬಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಕಣ್ಣು ನಗುತ್ತಲೇ ಇದ್ದವು. ಅವನು ಸಿಟ್ಟು ಮರೆತು ಆ ಕಣ್ಣುಗಳನ್ನೇ ನೋಡುತ್ತ ನಿಂತ. ಸೀರೆಯ ನೀರು ಕೆಂಪನ್ನು ಕಪ್ಪಿನೊಳಗೆ ಎಳೆದುಬಿಟ್ಟಿತ್ತು. "ಇರಲಿ, ಹಿಂಗ ಛಲೋ ಐತಿ" ಎಂದು ಅದನ್ನು ಹಾಗೇ ಬಿಟ್ಟ.

ಅದು ನಿಜಾಮರ ಕಾಲ. ಕಂಪನಿ ಸಿಂಧನೂರಿನಲ್ಲಿ ಮೊಕ್ಕಾಂ ಹೂಡಿತ್ತು. ಹೊಸ ನಾಟಕದಲ್ಲಿ ಅಂಬಮ್ಮ ರಾಣಿ. ಯಾರದೋ ಚಾಡಿಮಾತು ಕೇಳಿ ರಾಜ ಅವಳನ್ನು ಕಾಡಿಗೆ ಅಟ್ಟುತ್ತಾನೆ. ಆ ಕಾಡನ್ನು ಬರೆಯುವುದು ಫರೀದೂನನ ಕೆಲಸ.

ಅವನು ಇರಾನಿನ ಯಜ್ದ್ ಎಂಬ ಊರಿನವನು. ಹುಡುಗನಿದ್ದಾಗಲೇ ಮಾವನ ಜೊತೆ ಹಡಗು ಹತ್ತಿ ಮುಂಬಯಿಗೆ, ಅಲ್ಲಿಂದ ಹೈದರಾಬಾದಿಗೆ ಬಂದಿದ್ದ. ಮಾವನ ಚಹಾ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ, ಅಂಗಡಿಗಳ ಬೋರ್ಡು ಬರೆದ, ಫೋಟೋ ನೋಡಿ ನವಾಬರ ಮುಖ ಬರೆದ, ಊರೂರು ತಿರುಗಿ ಈ ಕಡೆಯ ಮಾತೂ ಕಲಿತ. ಕೈಯಲ್ಲಿ ಕಲೆ ಇತ್ತು, ತಲೆಯಲ್ಲಿ ಹುಚ್ಚೂ ಇತ್ತು. ತೋಟ ಬರೆ ಎಂದರೆ ಮೊದಮೊದಲು ಹೂವು ಬಿಟ್ಟ, ಆಮೇಲೆ ಗಿಡ ಬಿಟ್ಟ, ಕೊನೆಗೆ ಬರೀ ಬಿಸಿಲು ಉಳಿಸಿದ. ಜನ ನಕ್ಕರು. ನಕ್ಕಲ್ಲೆಲ್ಲ ಅವನ ಕೆಲಸ ಹೋಯಿತು.

ಕಂಪನಿ ಮಸ್ಕಿಗೆ ಬಂದಾಗ ಒಂದು ಮುಂಜಾನೆ ಅಂಬಮ್ಮ ಅವನನ್ನು ಊರ ಹೊರಗಿನ ಗುಡ್ಡ ಹತ್ತಿಸಿದಳು. ಅವಳ ಊರು ಪಾಮನಕಲ್ಲೂರು ಅಲ್ಲಿಗೆ ದೂರವಲ್ಲ. ಜೋಳ ಕೊಯ್ದಾದ ಕಪ್ಪು ಎರೆಹೊಲ ಕಣ್ಣು ಹಾಯುವವರೆಗೂ ಬಿದ್ದಿತ್ತು.

"ನಿಮ್ಮ ಪರದೆ ಇಲ್ಲೇ ಐತಿ ನೋಡ್ರಿ" ಎಂದಳು. "ನಮ್ಮವ್ವ ತೀರಿದ ದಿನ ಇಂಥಾ ಹೊಲದಾಗ ಕುಂತಿದ್ದೆ. ಜಾಲಿ ಗಿಡ ಇದ್ವು, ಮಂದಿ ಇದ್ರು. ನನಗ ಒಂದೂ ಕಾಣಲಿಲ್ಲ. ಬರೇ ನೆಲ, ಬರೇ ಮುಗಿಲು."

ಫರೀದೂನ್ ಮೆಲ್ಲಗೆ ಹೇಳಿದ. "ಊರು ಬಿಟ್ಟು ಬರೋ ದಿನ ನನಗೂ ಅಷ್ಟ ಕಂಡಿತ್ತು."

"ಮತ್ತ, ಮನಿ ಬಿಟ್ಟ ರಾಣಿಗೆ ಗಿಡ ಎಲ್ಲಿಂದ ಕಾಣಬೇಕು?"

ಅವನು ಅವಳನ್ನೇ ದಿಟ್ಟಿಸಿದ. "ಅಂಬಾ, ನನ್ನ ಚಿತ್ರ ನೋಡಿ ನಗದೇ ಇದ್ದಾಕಿ ನೀ ಒಬ್ಬಾಕಿ."

"ಸುಳ್ಳ. ಮೊದಲನೇ ದಿನ ಹೊಟ್ಟಿ ತುಂಬ ನಕ್ಕೀನಿ."

"ಚಿತ್ರಕ್ಕಲ್ಲ, ನನಗ ನಕ್ಕಿದ್ದು."

ಅಂಬಮ್ಮ ಮುಖ ಆ ಕಡೆ ತಿರುಗಿಸಿದಳು. ಕಿವಿ ಕೆಂಪಾಗಿದ್ದನ್ನು ಮುಚ್ಚಿಕೊಳ್ಳಲು ಸೆರಗು ಸಾಲದಾಯಿತು. ಲಿಂಗಸುಗೂರಿನಲ್ಲಿ ಹೊಸ ನಾಟಕದ ಮೊದಲ ಆಟ ಮುಗಿಯುತ್ತಲೇ ಮದುವೆ ಆಗೋಣ ಎಂದ ಅವನು. "ಈ ನೆಲ ಬರದಾವನ್ನ ಬಿಟ್ಟು ಬ್ಯಾರೆ ಯಾರನ್ನೂ ಆಗಂಗಿಲ್ಲ" ಎಂದಳು.

ಪರದೆ ನೋಡಿದ ಮಾಲೀಕ ವಿರೂಪಾಕ್ಷಪ್ಪ ಹಣೆ ಹಣೆ ಬಡಿದುಕೊಂಡ. "ಇದು ಕಾಡೇನಲೇ, ಸುಟ್ಟ ರೊಟ್ಟಿಯೇನು? ಲಿಂಗಸುಗೂರಿನಾಗ ತಹಸೀಲ್ದಾರ ಸಾಹೇಬ್ರು ಆಟಕ್ಕ ಬರ್ತಾರ. ಮಂದಿ ಹೋ ಅಂತ ಕೂಗಿದ್ರ ನಮ್ಮ ಮರ್ಯಾದಿ ಏನಾಗಬೇಕು?"

ಫರೀದೂನ್ ತಲೆ ತಗ್ಗಿಸಿದ. ಅಂಬಮ್ಮ ಮುಂದೆ ಬಂದಳು.

"ಇದ ಪರದೆ ಕಟ್ರಿ, ಧಣೇರ. ಇದರ ಮುಂದ ನಿಂತು ನಾ ಹಾಡ್ತೀನಿ. ಮಂದಿ ನಕ್ಕರ ನಾನ ಕಂಪನಿ ಬಿಟ್ಟು ಹೋಗ್ತೀನಿ."

ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ. ನಾಟಕಕ್ಕೆ ಸೇರಿದ ದಿನವೇ ಅಣ್ಣಂದಿರು ಅವಳನ್ನು ಸತ್ತವಳ ಲೆಕ್ಕಕ್ಕೆ ಸೇರಿಸಿದ್ದರು. ಅದು ಮಾಲೀಕನಿಗೂ ಗೊತ್ತಿತ್ತು. ಗೊಣಗುತ್ತಲೇ ಒಪ್ಪಿದ.

ಲಿಂಗಸುಗೂರಿನಲ್ಲಿ ಆಟದ ದಿನ, ಹೊತ್ತು ಮುಳುಗುವ ಮೊದಲೇ ಅಂಬಮ್ಮ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ಬಂದಳು. "ಕಾಡಿನ ಪರದೆ ಒಮ್ಮೆ ಇಳಸ್ರೆಪಾ, ಕಣ್ತುಂಬ ನೋಡ್ತೀನಿ."

ಪರದೆ ಬಿಚ್ಚಿಕೊಳ್ಳುತ್ತ ಇಳಿಯಿತು. ಮಾವಿನ ಗಿಡಗಳು. ಗರಿ ಬಿಚ್ಚಿದ ಜೋಡಿ ನವಿಲು. ತಾವರೆ ಕೊಳ, ಅದರ ಮೇಲೊಂದು ದುಂಡು ಚಂದ್ರ.

"ಇದು ಯಾರ ಕೈಚಳಕ?" ಎಂದಳು ಅಂಬಮ್ಮ.

"ಮತ್ಯಾರು, ನಮ್ಮ ಇರಾನಿ!" ಮಾಲೀಕ ಹಲ್ಲು ಬಿಟ್ಟ. "ಶಾಣ್ಯಾ ಇದಾನ. 'ಆ ಪರದೆ ನನಗೂ ಸೇರಿದ್ದಿಲ್ರೀ, ಅಂಬಮ್ಮನ ಹಠಕ್ಕ ಹಂಗ ಬರದಿದ್ದೆ' ಅಂತ ತಾನ ಬಂದು ಹೇಳಿದ. ಅದರ ಮ್ಯಾಲೇ ಗಿಡ ಹಚ್ಚಿ ಕೊಟ್ಟಾನ."

ಫರೀದೂನ್ ಪಕ್ಕದಲ್ಲೇ ನಿಂತಿದ್ದ. ಅಂಬಮ್ಮ ಅವನ ಎದುರಿಗೆ ಹೋಗಿ ನಿಂತಳು.

"ಹಂಗಂದ್ಯಾ?"

"ನೀ ಬೀದಿಪಾಲಾಗಬಾರದಂತ, ಅಂಬಾ..."

"ಸುಳ್ಳ ಹೇಳಬ್ಯಾಡ."

"ಅಂಜಿದೆ" ಎಂದ ಅವನು. "ಮತ್ತ ನಗತಾರಂತ ಅಂಜಿದೆ. ಇಲ್ಲಿಂದಾನೂ ಓಡಿಸಿದ್ರ ನಾ ಎಲ್ಲಿಗೆ ಹೋಗಲಿ?"

"ನನಗೆಲ್ಲೈತಿ ಜಾಗ? ಆದರೂ ನಿನ್ನ ಸಲುವಾಗಿ ನಿಂತಿದ್ದೆ. ಇಬ್ರೂ ಕೂಡಿ ಸೋತಿದ್ರ ನಾ ನಕ್ಕೋತ ಹೋಗ್ತಿದ್ದೆ. ನೀ ನನ್ನ ಹೆಸರ ಮಾರಿ ಗೆದ್ದಿ."

ಆಟ ಶುರುವಾಯಿತು. ಅವಳು ಬಾಯಿ ತೆರೆಯುವ ಮುಂಚೆಯೇ ಜನ ನವಿಲಿಗೆ ಸಿಳ್ಳೆ ಹೊಡೆದರು. ಅಂಬಮ್ಮ ಹಾಡುತ್ತ ನಿಜವಾಗಿ ಅತ್ತಳು, ಜನ 'ವನ್ಸ್ ಮೋರ್' ಎಂದು ಕೂಗಿ ಮತ್ತೆ ಅಳಿಸಿದರು. ತಹಸೀಲ್ದಾರರು ಪರದೆ ಬರೆದವನನ್ನು ಕರೆಸಿ ಹಾರ ಹಾಕಿದರು. ಆ ಚಪ್ಪಾಳೆಯ ನಡುವೆ ಅವಳು ಮೋಸಹೋದವಳಾಗಿ ನಿಂತಿದ್ದಳು. ನಾಟಕದ ರಾಣಿಗಾದರೂ ಚಾಡಿ ಹೇಳಿದವನು ಬೇರೆಯವನಿದ್ದ.

ಮರುದಿನ ಮುಂಜಾನೆ ಫರೀದೂನ್ ಅವಳ ಬಿಡಾರಕ್ಕೆ ಬಂದ. "ನಿನ್ನಿ ಆಟ ನೋಡಿದ ಹೈದರಾಬಾದಿನ ದೊಡ್ಡ ಕಂಪನಿಯವರು ಕರದಾರ. ಇಬ್ರೂ ಹೋಗೂಣು, ಅಂಬಾ. ಅಲ್ಲಿ ನನ್ನ ಮನಸಿಗೆ ಬಂದಂಗ ಬರೀತೀನಿ. ಆಣಿ ಮಾಡ್ತೀನಿ."

ಸಿಟ್ಟು ಇನ್ನೂ ಉರಿಯುತ್ತಿತ್ತು. ಆದರೆ ಅವನ ಮುಖ ಕಂಡೊಡನೆ ಮನಸ್ಸು ಕರಗಿದ್ದೂ ಸುಳ್ಳಲ್ಲ. ಅವಳು ಒಳಗಿನಿಂದ ಒಂದು ರಟ್ಟು, ಬಣ್ಣ, ಕುಂಚ ತಂದು ಅವನ ಮುಂದಿಟ್ಟಳು.

"ಅಲ್ಲೀತನಕ ಯಾಕ? ಮಸ್ಕಿ ಗುಡ್ಡದ ಮ್ಯಾಲ ಕಂಡಿದ್ದು ಈಗ ಬರಿ. ನಾ ಒಬ್ಬಾಕಿನ ಇದೀನಿ, ಇಲ್ಲಿ ಯಾರೂ ನಗಂಗಿಲ್ಲ."

ಅವನು ಆಸೆಯಿಂದ ಕುಳಿತ. ಕೆಳಗೆ ಕಪ್ಪು ಎಳೆದ. ಮೇಲೆ ಬೂದು. ನಡುವೆ ಕೆಂಪು ಗೆರೆ. ಅಂಬಮ್ಮ ಹತ್ತಿರ ಬಂದಳು. ಅದೇ ನೆಲ, ಅದೇ ಮುಗಿಲು, ಅವಳ ಫರೀದೂನ. ಎಲ್ಲ ಮರೆತು ಅವನ ಹೆಗಲ ಮೇಲೆ ಕೈಯಿಡಲು ಬಾಗಿದಳು.

ಅವನು ಕತ್ತು ಓರೆ ಮಾಡಿ ಚಿತ್ರ ನೋಡಿದ. ಒಮ್ಮೆ ಅವಳ ಮುಖ ನೋಡಿದ, ಮತ್ತೆ ಚಿತ್ರ ನೋಡಿದ. ಆಮೇಲೆ ಕುಂಚವನ್ನು ಹಸಿರಿಗೆ ಅದ್ದಿ, ಮೂಲೆಯಲ್ಲಿ ಒಂದು ಸಣ್ಣ ಗಿಡ ಬರೆದ.

"ಹೆಂಗೈತಿ?"

ಅಂಬಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

"ಗಿಡ ಛಲೋ ಬಂದೈತಿ" ಎಂದಳು.

ಫರೀದೂನನ ಮುಖ ಅರಳಿತು. ಇಬ್ಬರಿಗೂ ಗಾಡಿ ಗೊತ್ತುಮಾಡಿ ಬರುತ್ತೇನೆಂದು ಓಡಿದ. ಅಂಬಮ್ಮ ಮಾಲೀಕನ ಬಳಿ ಹೋಗಿ, ಇರಾನಿ ಒಬ್ಬನೇ ಹೊರಡುತ್ತಾನೆಂದು ತಿಳಿಸಿದಳು.