ಜೋಡಿ ಇಲ್ಲದವರಿಗೆ ಟೆಲಿಸ್ಕೋಪ್ ಇಲ್ಲ

ಛಟೀರ್!

ಕಾಲೇಜಿನ ಖಭೌತ ವಿಜ್ಞಾನ ವಿಭಾಗದ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾರಿಸಿದ್ದು ಎರಡನೇ ವರ್ಷದ ಹುಡುಗಿ. ಹೊಡೆಸಿಕೊಂಡವನು ಅವಳದೇ ಕ್ಲಾಸಿನ ಗೂಳಿ. ಹಾಸ್ಟೆಲಿನಲ್ಲಿ ಮೂವರನ್ನು ಒಬ್ಬನೇ ಮಲಗಿಸಿದ್ದಕ್ಕೆ ಅವನಿಗೆ ಬಂದ ಬಿರುದು ಅದು!

"ಬಾಯಿ ಬಿಡೋ! ಯಾಕೆ ಹೆಸರು ವಾಪಸ್ ತಗೊಂಡೆ?"

ರಾತ್ರಿಯ ನಕ್ಷತ್ರ ವೀಕ್ಷಣೆ ಒಂದು ಐಚ್ಛಿಕ ವಿಷಯ. ಆ ಎಲೆಕ್ಟಿವ್‌ಗೆ ಇಬ್ಬಿಬ್ಬರಾಗಿಯೇ ಸೇರಬೇಕು. ಟೆಲಿಸ್ಕೋಪಿನ ಗುಮ್ಮಟ ಹಳೆಯದು. ಒಬ್ಬರು ಹಿಡಿಕೆ ತಿರುಗಿಸಿ ಛಾವಣಿ ಸರಿಸಬೇಕು, ಇನ್ನೊಬ್ಬರು ಟೆಲಿಸ್ಕೋಪಿನಲ್ಲಿ ನಕ್ಷತ್ರ ಹುಡುಕಬೇಕು. ಮೇಷ್ಟ್ರು ಜೋಡಿ ಮಾಡಿದಾಗ ಅವಳ ಪಾಲಿಗೆ ಬಂದವನು, ಅಲ್ಲಿಯವರೆಗೆ ಅವಳ ಜೊತೆ ಒಂದು ಮಾತೂ ಆಡದ ಈ ಗೂಳಿ. ಅವನು ಬಿಟ್ಟರೆ ಅವಳೂ ಔಟ್! ಆಯ್ಕೆಗೆ ಇವತ್ತೇ ಕೊನೆ.

'ನನ್ನ ಕನಸು ಇವನ ಕೈಗೇ ಸಿಗಬೇಕಿತ್ತಾ, ದೇವರೇ...'

ಆಗ ಅವನ ತುಟಿ ಕಂಡಿತು. ಒಡೆದಿತ್ತು. ರಕ್ತ ಆಗಲೇ ಒಣಗಿತ್ತು.

"ಯಾರು ಹೊಡೆದ್ರು ನಿಂಗೆ?"

"ನಾನೇ ಕಣೇ!" ಹಿಂದಿನಿಂದ ದನಿ ಬಂತು.

ಅವಳು ಗಕ್ಕನೆ ತಿರುಗಿದಳು. ಅಣ್ಣ! ಗ್ಯಾರೇಜಿನಿಂದ ನೇರ ಬಂದಿದ್ದ, ಕೈಯಲ್ಲಿ ಸ್ಪ್ಯಾನರ್.

"ರಾತ್ರಿಯೆಲ್ಲ ಇವನ ಜೊತೆ ಗುಮ್ಮಟದಲ್ಲಿ ಕೂರ್ತೀಯಾ? ನಾಲ್ಕು ಬಿಗಿದ್ರೂ ಜಗ್ಗಲಿಲ್ಲ ಇವನು, ತಿರುಗಿ ಹೊಡೀಲೂ ಇಲ್ಲ. ಹೆಸರು ತೆಗೀದಿದ್ರೆ ನನ್ನ ತಂಗಿ ಬಲಗೈನೇ ಮುರಿತೀನಿ ಅಂದೆ ನೋಡು... ಬಾಲ ಮುದುರಿಕೊಂಡ!"

ಅವಳು ಗೂಳಿಯತ್ತ ತಿರುಗಿದಳು. ಕೆನ್ನೆಯ ಮೇಲೆ ತನ್ನದೇ ಐದು ಬೆರಳು...

"ನಡಿ, ಸಾರ್ ಹತ್ರ ಹೋಗೋಣ. ಇಬ್ಬರ ಹೆಸರೂ ಮತ್ತೆ ಕೊಡೋಣ."

"ಏಯ್!" ಸ್ಪ್ಯಾನರ್ ಮೇಲೆದ್ದಿತು.

ಗೂಳಿ ಅಡ್ಡ ಬಂದ. ಧಡ್! ಏಟು ಅವನ ಭುಜಕ್ಕೆ ಬಿತ್ತು. ಎರಡನೇ ಏಟಿಗೆ ಅಣ್ಣನ ಮಣಿಕಟ್ಟು ಹಿಡಿದು ತಿರುಚಿದ, ಸ್ಪ್ಯಾನರ್ ಠಣ್ಣೆಂದು ಬಿತ್ತು. ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿ ಮುಷ್ಟಿ ಎತ್ತಿದ.

"ಬೇಡ!" ಅವಳು ಚೀರಿದಳು.

ಮುಷ್ಟಿ ಗೋಡೆಗೆ ಅಪ್ಪಳಿಸಿತು. ಗಾರೆ ಉದುರಿತು, ಬೆರಳಿನ ಗೆಣ್ಣುಗಳಿಂದ ರಕ್ತ ಇಳಿಯಿತು.

"ಇವಳ ಅಣ್ಣ ಅಂತ ಬಿಟ್ಟಿದ್ದೀನಿ."

ಅವಳು ಸ್ಪ್ಯಾನರ್ ಎತ್ತಿ ಬೀಸಿ ಎಸೆದಳು. ಕಿಟಕಿಯ ಗಾಜು ಪುಡಿಪುಡಿ! ನಂತರ ಅಣ್ಣನೆದುರು ಬಲಗೈ ಚಾಚಿದಳು.

"ಮುರೀತೀಯಾ? ಮುರಿ. ಎಡಗೈಲೂ ಸಹಿ ಹಾಕೋಕೆ ಬರುತ್ತೆ ನಂಗೆ."

ಅಣ್ಣ ಆ ಕೈಯನ್ನು ಹಿಡಿದ... ಬಿಟ್ಟುಬಿಟ್ಟ.

"ಮನೆಗೆ ಕಾಲಿಟ್ಟರೆ ನೋಡು!"

"ಇಟ್ಟೇ ಇಡ್ತೀನಿ. ಅದು ನಂದೂ ಮನೆ."

ಅವನು ಧಡಧಡನೆ ಮೆಟ್ಟಿಲಿಳಿದು ಹೋದ. ಮೇಷ್ಟ್ರು ಕೋಣೆಯಿಂದ ಹೊರಬಂದರು.

"ಯಾರಪ್ಪಾ ಗಾಜು ಒಡೆದದ್ದು?"

"ನಾನೇ ಸಾರ್. ನಮ್ಮಿಬ್ಬರ ಹೆಸರು ಬರ್ಕೊಳ್ಳಿ."

ಅವರು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಹೆಸರು ಬರೆದುಕೊಂಡರು.

ಮೆಟ್ಟಿಲ ಮೇಲೆ ಕೂತು ಗೂಳಿಯ ಕೈಗೆ ಕರವಸ್ತ್ರ ಸುತ್ತುವಾಗ ಅವಳ ಕಣ್ಣು ತುಂಬಿತ್ತು.

"ನೋಯ್ತಿದೆಯಾ?"

"ಕೆನ್ನೆನಾ, ಭುಜಾನಾ, ಕೈನಾ?"

"ಕ್ಷಮಿಸೋ... ನಿನಗೂ ಟೆಲಿಸ್ಕೋಪ್ ಅಂದ್ರೆ ಅಷ್ಟು ಪ್ರಾಣ ಅಂತ ಗೊತ್ತಿರಲಿಲ್ಲ."

"ಅಯ್ಯೋ, ನಂಗೆ ನಿದ್ದೆಗೆಡೋದು ಅಂದ್ರೇ ಆಗಲ್ಲ. ಗಣಿತದ ಎಲೆಕ್ಟಿವ್ ತಗೊಳ್ಳೋಣ ಅಂತಿದ್ದೆ."

"ಮತ್ಯಾಕೆ ಇದನ್ನ ತಗೊಂಡೆ?"

"ನೀನು ತಗೊಂಡೆಯಲ್ಲ..."

ಅವಳ ಬೆರಳು ಗಂಟಿನ ಮೇಲೇ ನಿಂತಿತು.

"ಮುಂದಿನ ವರ್ಷ ನಾನು ಬೇರೆ ಏನಾದ್ರೂ ತಗೊಂಡ್ರೆ?"

"ಅದನ್ನೇ ತಗೋತೀನಿ."

"ಏಟು ಬೀಳಲ್ಲ ಅಂತ ಗ್ಯಾರಂಟಿ ಇಲ್ಲ."

"ಗೊತ್ತು. ಆದ್ರೂ ತಗೋತೀನಿ."