ಚಿಪ್ಪು ಬೆರೆತ ಗೋಡೆ

ದೋಣಿಯ ಹುಟ್ಟಿನಿಂದ ಬಿದ್ದ ಏಟಿಗೆ ಆದೆಪ್ಪನ ಹಣೆ ಒಡೆಯಿತು.

"ಯಾರಲೇ ನೀ? ಲೂಟಿ ಮಾಡಾಕ ಬಂದೀಯೇನು?"

ಗೋಪಮ್ಮ ಮತ್ತೆ ಹುಟ್ಟೆತ್ತಿದಳು. ಅದು ಕೃಷ್ಣೆಯ ದಂಡೆಯ ಅಂಬಿಗರ ಹಿತ್ತಲು. ನಲವತ್ತೆಂಟನೆಯ ಇಸವಿ, ದೇವದುರ್ಗದ ಸೀಮೆಯಲ್ಲಿ ಲೂಟಿಯ ದಂಡುಗಳು ತಿರುಗುತ್ತಿದ್ದ ಕಾಲ.

"ಹೊಡೀಬ್ಯಾಡ್ರಿ! ನಾ ಮಾನ್ವಿ ಗೌಂಡಿ, ಗೋಡಿ ಕಟ್ಟಾಂವ. ನೀವು ತಿಂದು ಬಿಸಾಕಿದ ಕಪ್ಪೆಚಿಪ್ಪು ಬೇಕಾಗ್ಯಾವ."

"ಚಿಪ್ಪಿಗ್ಯಾಕ ರಕ್ತ ಸುರಿಸ್ತೀ, ಹುಚ್ಚಪ್ಪಾ?"

"ಸುರಿಸಿದಾವ್ರು ನೀವರೀ!"

ಅವಳಿಗೆ ನಗು ಬಂದಿತು. ಸೆರಗು ಹರಿದು ಅವನ ಹಣೆಗೆ ಕಟ್ಟಿದಳು.

ದಂಡನ್ನು ತಡೆಯಲು ಊರ ಬಾಗಿಲಿಗೆ ಕಾಂಕ್ರೀಟಿನ ಗೋಡೆ ಏಳಬೇಕಿತ್ತು. ರಾಯಚೂರಿನ ಪೇಟೆಯಲ್ಲೂ ಬೇಕಾದಷ್ಟು ಸಿಮೆಂಟ್ ಸಿಗುತ್ತಿರಲಿಲ್ಲ. ಚಿಪ್ಪನ್ನು ಕುದಿಸಿ, ತೊಳೆದು, ಕುಟ್ಟಿ ಬೆರೆಸಿದರೆ ಇದ್ದಷ್ಟು ಸಿಮೆಂಟೇ ಸಾಕಾಗುವುದೆಂದು ಆದೆಪ್ಪ ಅರಿತಿದ್ದ. ಗೋಪಮ್ಮ ಒನಕೆ ಹಿಡಿದಳು. ಇಬ್ಬರೂ ಬಾಯಿಬಿಟ್ಟು ಹೇಳದ ಪ್ರೀತಿಯೊಂದು ಅಲ್ಲಿ ಬೆಳೆಯಿತು.

ಗೋಡೆ ಎದ್ದಿತು. ಸುದ್ದಿಯೂ ಹಬ್ಬಿತು. ಮಾಂಸ ಮುಟ್ಟದ ಮನೆತನದ, ಊರ ಹಿರಿಯ ಈರಯ್ಯ, ಸುತ್ತಿಗೆ ಹಿಡಿದ ಆಳುಗಳೊಡನೆ ಬಂದು ನಿಂತ.

"ಅಂಬಿಗರ ಎಂಜಲಾ ಊರ ಬಾಗಿಲದಾಗ ಅದ ಅಂತಾರ. ಖರೇನೇನು? ಖರೇ ಇದ್ರ ಈಗಿಂದೀಗ ಕೆಡವಸ್ತೀನಿ!"

ಆದೆಪ್ಪ ಪಕ್ಕದಲ್ಲೇ ನಿಂತಿದ್ದ ಗೋಪಮ್ಮನ ಮುಖ ನೋಡಲಿಲ್ಲ.

"ಇಲ್ರೀ ಯಪ್ಪಾ. ಆಕಿ ಮನಿ ವಸ್ತು ನಾ ಮುಟ್ಟಿಲ್ಲ."

ಮುಟ್ಟಿಲ್ಲ! ಗೋಪಮ್ಮ ಒನಕೆಯ ಬೊಬ್ಬೆಗಳೆದ್ದ ಅಂಗೈಗಳನ್ನು ಮುಚ್ಚಿಕೊಂಡಳು. ನನ್ನ ಮನೆಯೇ ಇವನಿಗೆ ಅಸಹ್ಯವಾಯಿತೇ...?

ಮರುದಿನ ದಂಡು ಬಂದಿತು. ದಂಡೆಯ ಗುಡಿಸಲುಗಳು ಉರಿದವು. ಅಂಬಿಗರು ಗೋಡೆಯೊಳಗೆ ಓಡಿ ಬಂದರು. ದಾಳಿಕಾರರು ಕಲ್ಲು ತುಂಬಿದ ಬಂಡಿಯಿಂದ ಗೋಡೆಯನ್ನು ಗುದ್ದಿದರು. ಮೇಲಿನ ಪದರು ಕಿತ್ತು, ಬಿಳಿ ಚಿಪ್ಪಿನ ಚೂರುಗಳು ಕಂಡವು. ಗೋಡೆ ಕದಲಲಿಲ್ಲ!

ಮೇಲೆ ನಿಂತು ಕವಣೆ ಬೀಸುತ್ತಿದ್ದ ಆದೆಪ್ಪನ ಭುಜವನ್ನು ಗುಂಡೊಂದು ಸೀಳಿತು. ಏಣಿ ಹತ್ತಿ ಬಂದವನೊಬ್ಬ ಅವನ ಕೊರಳಿಗೆ ಕೊಡಲಿಯೆತ್ತಿದ. ಒಳಗಿನಿಂದ ಗೋಡೆ ಹತ್ತಿ ಬಂದಿದ್ದ ಗೋಪಮ್ಮನ ಹುಟ್ಟು ಆ ದಾಳಿಕಾರನ ಬುರುಡೆಯನ್ನು ಒಡೆಯಿತು.

ದಂಡು ಹಿಮ್ಮೆಟ್ಟಿದಾಗ ಈರಯ್ಯ ಬಿಳಿ ಚೂರುಗಳನ್ನು ಸವರಿ ನೋಡಿದ.

"ಸುಳ್ಳು ಹೇಳಿದ್ಯಲ್ಲೋ!"

"ಹೌದ್ರೀ. ಖರೇ ಹೇಳಿದ್ರ ನಿನ್ನೇನೇ ಕೆಡವಸ್ತಿದ್ರಿ. ಚಿಪ್ಪು ಗೋಪಮ್ಮನ ಮನೀವು, ಕುಟ್ಟಿದ ಕೈನೂ ಆಕೀವು. ಬೇಕಾದ್ರ ಈಗ ಕೆಡವ್ರಿ."

ಈರಯ್ಯ ತನ್ನ ರುಮಾಲನ್ನು ಬಿಚ್ಚಿ, ಆದೆಪ್ಪನ ಗಾಯಕ್ಕೆ ಕಟ್ಟಲೆಂದು ಗೋಪಮ್ಮನ ಕೈಗಿತ್ತ.

"ನನಗರ ಹೇಳಬೇಕಿತ್ತಿಲ್ಲ?" ಕಟ್ಟುತ್ತಲೇ ಅವಳು ಅತ್ತಳು.

"ನಿನಗ ಹೇಳಿದ್ರ ನಿನ್ನ ಮುಖಾನೇ ಎಲ್ಲಾ ಹೇಳಿಬಿಡ್ತಿತ್ತು... ಗೋಪಮ್ಮ, ನಿಮ್ಮ ಗುಡಿಸಲಾ ಸುಟ್ಟದ. ನಮ್ಮಿಬ್ಬರಿಗೂ ಒಂದು ಮನಿ ಕಟ್ಲೇನು? ಚಿಪ್ಪು ಹಾಕೇ ಕಟ್ತೀನಿ."

"ಹಿತ್ತಲದಾಗ ಚಿಪ್ಪು ಮುಗದಾವ. ಇನ್ನಷ್ಟು ತಿಂದ್ರನ ಸಿಗ್ತಾವ. ಮುಟ್ಟಿಲ್ಲ ಅಂದಾಂವ... ತಿಂತೀಯೇನು?"

"ನೀ ಬೇಯಿಸಿ ಹಾಕು. ಊರ ಮುಂದ ಕುಂತು ತಿಂತೀನಿ."